ಸೀಟು ಹಿಡಿಯುವ ಪುಸ್ತಕ

ದೌಲಪ್ಪನದು ಬಹಳ ಮರ್ಯಾದಸ್ಥ ಹೊಟ್ಟೆ. ಮದುವೆ ಮನೆಯಲ್ಲಿ ಹೋಳಿಗೆಯ ಮೇಲೆ ಹೋಳಿಗೆ ಹಾಕಿದರೂ ಅದು ತಕರಾರು ತೆಗೆದದ್ದಿಲ್ಲ. ಮೇಲೆ ಎರಡು ಮಿರ್ಚಿ ಭಜಿ ಬಂದರೆ ಅವಕ್ಕೂ ಜಾಗ ಮಾಡಿಕೊಡುತ್ತದೆ. ಆದರೆ ಅದೇ ಹೊಟ್ಟೆಯನ್ನು ಬಸ್ಸಿಗೆ ಹತ್ತಿಸಿ ನೋಡಬೇಕು. ಗಾಲಿ ಉರುಳಿದ್ದೇ ತಡ, ಒಳಗಿದ್ದದ್ದೆಲ್ಲ ಹೊರಗೆ ಹೋಗುತ್ತೇನೆಂದು ಹಟ ಹಿಡಿಯುತ್ತದೆ. ಕಿಟಕಿಯ ಪಕ್ಕ ಕೂತು, ಮುಖಕ್ಕೆ ಗಾಳಿ ಹೊಡೆಸಿಕೊಂಡು, ದೂರದ ತೊಗರಿ ಹೊಲದ ಮೇಲೆ ಕಣ್ಣು ನೆಟ್ಟರೆ ಮಾತ್ರ ಸುಮ್ಮನಿರುತ್ತದೆ. ಇಂಥವನ ಮನೆ ಕಲಬುರಗಿಯ ಕುಸನೂರಿನಲ್ಲಿ, ಗುಮಾಸ್ತಿಕೆ ಕಮಲಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ. ದಿನಾ ಬೆಳಿಗ್ಗೆ ಬಸ್ಸು, ದಿನಾ ಸಂಜೆ ಬಸ್ಸು. ವರ್ಗ ಮಾಡಿದವರು ಅವನ ಹೊಟ್ಟೆಯನ್ನು ಒಂದು ಮಾತೂ ಕೇಳಿರಲಿಲ್ಲ.

ಕಚೇರಿಯಲ್ಲಿ ಅವನಿಗೊಂದು ಹೆಸರು ಬಿದ್ದಿತ್ತು. ಅದರ ಕಾರಣ ಹೇಳದೆ ಕಥೆ ಮುಂದೆ ಸಾಗುವುದಿಲ್ಲ, ಊಟ ಮಾಡುತ್ತ ಓದುವವರು ತಟ್ಟೆಯನ್ನು ತುಸು ಬದಿಗಿಡಬೇಕು. ಒಮ್ಮೆ ಅವನ ಮೇಲಧಿಕಾರಿ ಶಿವಲಿಂಗ ಸಾಹೇಬರು ಯಾವುದೋ ಹಳ್ಳಿಯಲ್ಲಿ ಸನ್ಮಾನ ಮಾಡಿಸಿಕೊಂಡು, ಹೊಸ ಶಾಲು ಹೊದ್ದುಕೊಂಡೇ ಜೀಪು ಹತ್ತಿದ್ದರು. ಪಕ್ಕದಲ್ಲಿ, ನಡುವಿನ ಸೀಟಿನಲ್ಲಿ, ದೌಲಪ್ಪ. ಹಳ್ಳಿಯ ಗಡಿ ದಾಟುವ ಮೊದಲೇ ಆ ಶಾಲಿಗೆ ಎರಡನೆಯ ಸನ್ಮಾನವಾಯಿತು. ಸಾಹೇಬರು ಅದನ್ನು ಅಲ್ಲೇ ಹೊಲದ ಬದುವಿನ ಮೇಲೆ ಬಿಟ್ಟು ಬಂದರು. ಅವತ್ತಿನಿಂದ ಅವನು ವಾಂತಿ ದೌಲಪ್ಪ. ಆಟೊದಲ್ಲಿ ಅವನ ಪಕ್ಕ ಕೂರಲು ಜವಾನನೂ ಹಿಂಜರಿಯುತ್ತಿದ್ದ. ಈ ಹೆಸರು ದೌಲಪ್ಪನಿಗೆ ಬಹಳ ನೋವು ಕೊಟ್ಟಿತ್ತು. ಬಡ್ತಿ ಸಿಗದಿದ್ದರೂ ಚಿಂತೆಯಿಲ್ಲ, ಈ ಹೆಸರೊಂದು ಹೋಗಲಪ್ಪ ಎಂದು ಶರಣಬಸವೇಶ್ವರನ ಗುಡಿಗೆ ಹೋಗಿ ಹರಕೆ ಹೊತ್ತು ಬಂದಿದ್ದ.

ಹೆಸರು ಹೋಗಬೇಕಾದರೆ ಕಿಟಕಿ ಸೀಟು ಸಿಗಬೇಕು. ಅದು ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ತಮಾಷೆಯ ಮಾತಲ್ಲ. ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಆದ ಮೇಲಂತೂ ಕಮಲಾಪುರದ ಮೇಲೆ ಹಾಯುವ ಹುಮನಾಬಾದ್ ಕಡೆಯ ಬಸ್ಸು ತಿರುಗಿಕೊಂಡು ಬರುವಾಗಲೇ ಜನ ಅದರ ಜತೆ ಓಡುತ್ತಾರೆ, ಕಿಟಕಿಯಿಂದ ಕೈಗೆ ಸಿಕ್ಕಿದ್ದನ್ನು ಒಳಗೆ ಒಗೆಯುತ್ತಾರೆ. ಒಗೆದದ್ದು ಎಲ್ಲಿ ಬಿತ್ತೋ ಆ ಸೀಟು ಒಗೆದವನದು, ಇದು ಅಲ್ಲಿಯ ಕಾನೂನು. ದೌಲಪ್ಪ ಕರ್ಚೀಪು ಒಗೆದ. ಅದು ಗಾಳಿಗೆ ಹಾರಿ ಡ್ರೈವರನ ಕಾಲಡಿಗೆ ಹೋಯಿತು. ಟವೆಲ್ಲು ಒಗೆದ. ಕಮಲಾಪುರಕ್ಕೆ ಬಳೆ ಮಾರಲು ಹೋಗುವ ಚಾಂದಬಿ ಅದರಿಂದಲೇ ಸೀಟಿನ ಧೂಳು ಒರೆಸಿ, ಚೆಂದವಾಗಿ ಮಡಿಚಿ ಅವನ ಕೈಗೆ ಕೊಟ್ಟು, ತಾನು ಕೂತಳು. ಊಟದ ಡಬ್ಬಿ ಒಗೆದ. ಮುಚ್ಚಳ ಬಿಚ್ಚಿ ಶೇಂಗಾ ಚಟ್ನಿಪುಡಿ ಯಾರದೋ ಬಿಳಿ ಧೋತರದ ಮೇಲೆ ಚೆಲ್ಲಿತು, ಆ ಧೋತರದವರ ಹತ್ತಿರ ಬೈಸಿಕೊಳ್ಳುತ್ತ ಕಮಲಾಪುರದ ತನಕ ನಿಂತೇ ಹೋಗಬೇಕಾಯಿತು.

ಹೀಗಿರುವಾಗ ಒಂದು ಬೆಳಿಗ್ಗೆ ಹೆಂಡತಿ ಜಯದೇವಿ ಅವನ ಕೈಗೊಂದು ಪುಸ್ತಕ ಕೊಟ್ಟಳು. ಆಕೆಯ ಅಣ್ಣ ಯಶವಂತ ಬ್ಯಾಂಕಿನಿಂದ ನಿವೃತ್ತನಾಗಿ ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯಲ್ಲಿ ಮನೆ ಕಟ್ಟಿಸಿಕೊಂಡವನು. ಮನೆಯ ತುಂಬ ಗಾಜಿನ ಕಪಾಟು, ಕಪಾಟಿನ ತುಂಬ ಪುಸ್ತಕ. ಇದು ಅವನದೇ.

"ನಾ ಓದಿ ಮುಗಿಸೀನ್ರಿ. ಹೋಗೋ ಮುಂದ ಅಣ್ಣನ ಮನ್ಯಾಗ ಕೊಟ್ಟು ಹೋಗ್ರಿ," ಎಂದಳು.

ಕೆಂಪು ರೆಕ್ಸಿನ್ನಿನ ಬೈಂಡು, ಇಟ್ಟಿಗೆಯಷ್ಟು ದಪ್ಪ. ಯಾವುದೋ ಹಳೆಯ ಕಾದಂಬರಿ. ಹೆಸರಿದ್ದ ಹಾಳೆ ಎಂದೋ ಹರಿದುಹೋಗಿ, ಅದು ಯಾವ ಕಾದಂಬರಿ, ಬರೆದವರಾರು ಎಂಬುದು ಯಾರಿಗೂ ಗೊತ್ತಿರಲಿಲ್ಲ. ದೌಲಪ್ಪನಿಗೆ ಐವಾನ್-ಎ-ಶಾಹಿಗೆ ಹೋಗುವಷ್ಟು ಹೊತ್ತಿರಲಿಲ್ಲ, ಪುಸ್ತಕ ಹಿಡಿದೇ ಬಸ್ ಸ್ಟ್ಯಾಂಡಿಗೆ ಬಂದ. ಬಸ್ಸು ತಿರುಗುತ್ತಿತ್ತು, ಜನ ಓಡುತ್ತಿದ್ದರು, ಟವೆಲ್ಲು ಮನೆಯಲ್ಲೇ ಉಳಿದಿತ್ತು. ಕೈಯಲ್ಲಿದ್ದದ್ದನ್ನೇ ಕಿಟಕಿಯೊಳಗೆ ಒಗೆದುಬಿಟ್ಟ.

ನೂಕಾಡಿ ಹತ್ತಿದಾಗ ಬಸ್ಸು ಕಿಕ್ಕಿರಿದಿತ್ತು. ಆದರೆ ಒಂದು ಕಿಟಕಿ ಸೀಟಿನಲ್ಲಿ ಪುಸ್ತಕ ಒಂದೇ ಆರಾಮವಾಗಿ ಕೂತಿತ್ತು. ಒಬ್ಬ ಮುದುಕ ಅದರ ಪಕ್ಕ ಕಂಬ ಹಿಡಿದು ನಿಂತಿದ್ದ, ಕೂತಿರಲಿಲ್ಲ. ಇನ್ನೊಬ್ಬಾಕೆ ಚೀಲ ತಾಗಿತೆಂದು ಪುಸ್ತಕವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹಿಂದೆ ಸರಿದಳು. ಚಾಂದಬಿ ಕೂಡ ಬಳೆಯ ಗಂಟು ಹೊತ್ತು ನಿಂತೇ ಇದ್ದಳು.

"ಕುಂದ್ರಲಿಲ್ಲೇನು ಖಾಲಾ?" ಎಂದು ದೌಲಪ್ಪ ಅನುಮಾನದಿಂದಲೇ ಕೇಳಿದ.

"ಅರೆ ಸಾಬ್, ಕಿತಾಬ್ ಅದ. ಅದರ ಮ್ಯಾಲ ಹೆಂಗ ಕುಂದ್ರಲಿ? ಎತ್ತಿ ಬಾಜೂಕ ಇಡಾಕನೂ ಮನಸ್ಸಾಗಲಿಲ್ಲ. ಪಾಪ, ಯಾರು ಓದಾಕ ಇಟ್ಟಾರೋ ಏನೋ."

ಈ ಭಾಗದಲ್ಲಿ ಟವೆಲ್ಲು ಎತ್ತಿ ಬಿಸಾಡುವವರಿದ್ದಾರೆ, ಕೂತ ಮನುಷ್ಯನನ್ನೇ ಎಬ್ಬಿಸಿ ಕೂರುವವರಿದ್ದಾರೆ. ಪುಸ್ತಕದ ಮೇಲೆ ಕೂರುವ ಎದೆಗಾರ ಮಾತ್ರ ಇನ್ನೂ ಹುಟ್ಟಿಲ್ಲ. ದೌಲಪ್ಪ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಕಿಟಕಿಗೆ ಮುಖವಿಟ್ಟು, ಕಮಲಾಪುರದ ತನಕ ಒಂದು ಹುಳಿ ತೇಗೂ ಇಲ್ಲದೆ ಹೋದ. ಇಳಿದ ಮೇಲೆ ಖುಷಿಗೆ ಅಲ್ಲಿಯ ಕೆಂಪು ಬಾಳೆಹಣ್ಣು ಕೊಂಡು ತಿಂದ. ಪುಸ್ತಕ ಐವಾನ್-ಎ-ಶಾಹಿಗೆ ವಾಪಸು ಹೋಗಲೇ ಇಲ್ಲ.

"ಅಣ್ಣಗ ಪುಸ್ತಕ ಕೊಟ್ರೇನ್ರಿ?" ಎಂದು ಜಯದೇವಿ ಕೇಳಿದಾಗ, "ನಾನೂ ಒಂದೀಟು ಓದೋಣಂತ ಇಟ್ಕೊಂಡೀನಿ," ಎಂದುಬಿಟ್ಟ. ಮದುವೆಯಾದಂದಿನಿಂದ ಆತ ಓದಿದ್ದೆಂದರೆ ಗೋಡೆಯ ಕ್ಯಾಲೆಂಡರು, ಅದೂ ರಜೆಯ ಕೆಂಪು ಅಂಕಿಗಳನ್ನು ಮಾತ್ರ. ಜಯದೇವಿ ಅವನ ಮುಖವನ್ನೇ ನೋಡಿದಳು. ಆಮೇಲೆ ರೊಟ್ಟಿ ಬಡಿಯಲು ಹೋದಳು.

ಇಷ್ಟಕ್ಕೇ ನಿಂತಿದ್ದರೆ ನಮ್ಮ ದೌಲಪ್ಪ ಸುಖವಾಗಿ ಬಾಳಿಕೊಂಡಿರುತ್ತಿದ್ದ. ಆದರೆ ಅದೇ ಬಸ್ಸಿನಲ್ಲಿ ಅಮೀನಾ ಮೇಡಂ ಬರುತ್ತಿದ್ದರು. ಕಮಲಾಪುರದ ಕಾಲೇಜೊಂದರಲ್ಲಿ ಕನ್ನಡ ಕಲಿಸುವವರು. ಮನೆಯಲ್ಲಿ ದಖನಿ ಉರ್ದು ಮಾತಾಡಿ, ತರಗತಿಯಲ್ಲಿ ಹಳಗನ್ನಡ ಬಿಡಿಸಿ ಹೇಳಿ, ಉಳಿದ ಹೊತ್ತೆಲ್ಲ ಇಂದಿನ ಮಕ್ಕಳು ಮೊಬೈಲು ಬಿಟ್ಟು ಏನೂ ಓದುವುದಿಲ್ಲ ಎಂದು ಕೊರಗುವವರು. ಅವರ ಕಣ್ಣಿಗೆ ದೌಲಪ್ಪ ಬಿದ್ದ. ದಿನಾ ಅದೇ ಸೀಟು, ತೊಡೆಯ ಮೇಲೆ ಅದೇ ದಪ್ಪ ಪುಸ್ತಕ, ಕಣ್ಣು ದೂರದ ಹೊಲದ ಮೇಲೆ. ಪುಸ್ತಕ ತೆರೆದದ್ದನ್ನು ಮಾತ್ರ ಅವರು ಒಂದು ದಿನವೂ ನೋಡಿರಲಿಲ್ಲ. ಇದರಿಂದ ಮೇಡಂ ತೆಗೆದ ತೀರ್ಮಾನವೇನೆಂದರೆ, ಈ ಮನುಷ್ಯ ಮನೆಯಲ್ಲಿ ಒಂದು ಪುಟ ಓದಿ ಬಂದು ದಾರಿಯುದ್ದಕ್ಕೂ ಅದನ್ನೇ ಧ್ಯಾನಿಸುತ್ತಾನೆ. ವಿದ್ಯೆ ಹೆಚ್ಚಾದವರಿಗೆ ಇಂಥವು ಹೊಳೆಯುತ್ತವೆ.

ಒಂದು ದಿನ ಪಕ್ಕದ ಸೀಟು ಖಾಲಿಯಾದದ್ದೇ ಬಂದು ಕೂತು ಕೇಳಿದರು. "ಸರ್, ಪ್ರಯಾಣದಾಗ ಎಂಥ ಪುಸ್ತಕ ಇದ್ರ ಛಲೋ ಅಂತೀರಿ?"

ದೌಲಪ್ಪನ ಎದೆ ಧಸಕ್ಕೆಂದಿತು. ಇವರಿಗೆ ತನ್ನ ಸೀಟು ಹಿಡಿಯುವ ಗುಟ್ಟು ಗೊತ್ತಾಗಿದೆ, ತಾವೂ ಒಂದು ಪುಸ್ತಕ ಒಗೆಯಬೇಕೆಂದಿದ್ದಾರೆ ಎಂದುಕೊಂಡ. ಹೆಣ್ಣುಮಗಳು, ಅದರಲ್ಲೂ ಮೇಡಂ, ಮುಚ್ಚಿಡುವುದು ಸರಿಯಲ್ಲ. ಅತ್ತಿತ್ತ ನೋಡಿ ದನಿ ತಗ್ಗಿಸಿ ಹೇಳಿದ.

"ಇದು ನನ್ನ ಅನುಭವದ ಮಾತ್ರಿ ಮೇಡಂ. ತೆಳ್ಳಂದು ಹಿಡೀಬ್ಯಾಡ್ರಿ, ಗಾಳಿ ಬಂತಂದ್ರ ಹಾರಿ ಹೋಗ್ತಾವ. ದಪ್ಪಂದು ಬೇಕು, ಗಟ್ಟಿ ರಟ್ಟಿಂದು. ಬಿದ್ದ ಜಾಗಾ ಬಿಟ್ಟು ಅಲುಗಬಾರದು. ನೋಡಿದವರು ತಾವ ಕೈ ಮುಗದು ದೂರ ಸರೀಬೇಕು."

ಮೇಡಂ ಚೀಲದಿಂದ ಮೊಬೈಲು ಹೊರತೆಗೆದರು. ಆಮೇಲೆ, "ಇಷ್ಟು ವರ್ಷ ಪಾಠ ಮಾಡೀನಿ ಸರ್, ಇಂಥಾ ಮಾತು ನನಗ ಹೊಳೀಲಿಲ್ಲ," ಎಂದು, ಮಹಾಗಾಂವ ಕ್ರಾಸ್ ಬರುವಷ್ಟರಲ್ಲಿ ಅದನ್ನು ಕಾಲೇಜಿನ ವಾಟ್ಸಾಪ್ ಗುಂಪಿಗೆ ಹಾಕಿಯೇಬಿಟ್ಟರು.

ವಾಟ್ಸಾಪಿನ ಮಾತು ಬಸ್ಸಿಗಿಂತ ಜೋರಾಗಿ ಓಡಿತು. ಮರುವಾರದಿಂದ ಬಸ್ಸಿನಲ್ಲಿ ದೌಲಪ್ಪನಿಗೆ ಪುರುಸೊತ್ತಿಲ್ಲ. ಬೀದರಿಗೆ ಹೋಗುವವರು ಕೇಳುತ್ತಾರೆ, ಹುಮನಾಬಾದಿಗೆ ಹೋಗುವವರು ಕೇಳುತ್ತಾರೆ. ಆತ ಡಾಕ್ಟರು ಗುಳಿಗೆ ಬರೆದುಕೊಟ್ಟಂತೆ ಪ್ರಯಾಣದ ದೂರ ನೋಡಿ ಪುಸ್ತಕದ ದಪ್ಪ ಹೇಳುತ್ತಿದ್ದ.

"ಕಮಲಾಪುರಕ್ಕ ಇನ್ನೂರು ಪುಟ ಸಾಕು. ಬೀದರ್ ತನಕಾ ಅಂದ್ರ ಐನೂರರ ಮ್ಯಾಲ ಬೇಕು, ಮಂದಿ ಬಾಳ ಹತ್ತತಾರ."

ಕಂಡಕ್ಟರ್ ಝಹೀರ್ ಟಿಕೆಟ್ ಹರಿಯುವುದನ್ನು ಬಿಟ್ಟು, "ನಾನು ನಿಂತ ಕೆಲಸ ಮಾಡಾಂವ ಸಾಬ್, ನನಗ ಯಾವುದು?" ಎಂದು ಕೇಳಿದ. ದೌಲಪ್ಪ ವಿಚಾರ ಮಾಡಿ, ನಿಂತವರಿಗೆ ಪುಸ್ತಕದ ಉಪಯೋಗವಿಲ್ಲ ಎಂದ. ಝಹೀರ್ ಎರಡು ದಿನ ಸಪ್ಪೆ ಮುಖ ಹಾಕಿಕೊಂಡು ತಿರುಗಿದ.

ಕಚೇರಿಗೂ ಸುದ್ದಿ ಮುಟ್ಟಿತು. ಶಿವಲಿಂಗ ಸಾಹೇಬರು ಅವನನ್ನು ಕರೆದು, ಕುರ್ಚಿ ತೋರಿಸಿ, "ಕುಂದ್ರಿ ದೌಲಪ್ಪನವರ," ಎಂದರು. ಆ 'ನವರ' ಕೇಳಿ ದೌಲಪ್ಪ ಹಿಂದೆ ಇನ್ಯಾರಾದರೂ ನಿಂತಿದ್ದಾರೋ ಎಂದು ತಿರುಗಿ ನೋಡಿದ. ವಾಂತಿ ದೌಲಪ್ಪ ಹೋಗಿ ಓದೋ ದೌಲಪ್ಪ ಬಂದ. ಜವಾನ ಈಗ ಆಟೊದಲ್ಲಿ ಅವನ ಪಕ್ಕವೇ ಕೂರುತ್ತಿದ್ದ, ಮಗನಿಗೆ ಯಾವ ಪುಸ್ತಕ ತರಲಿ ಎಂದು ಕೇಳುತ್ತಿದ್ದ.

ಇನ್ನು ಯಶವಂತ. ತಂಗಿಯ ಮನೆಗೆ ಬಂದಾಗಲೆಲ್ಲ ಗೋಡೆ ನೋಡಿ, "ಜಯಾ, ಈ ಮನ್ಯಾಗ ಓದಾಕ ಅಂತ ಇರೋದು ಗ್ಯಾಸಿನ ಚೀಟಿ ಒಂದ ನೋಡು," ಎಂದು ನಕ್ಕು, ಅರ್ಧ ಚಹಾ ಬಿಟ್ಟು ಏಳುತ್ತಿದ್ದವನು. ಅವನು ಈಗ ಪೇಢೆ ಹಿಡಿದುಕೊಂಡು ಕುಸನೂರಿಗೆ ಬಂದ.

"ನಿನ್ನ ಗಂಡನ್ನ ನಾ ತಪ್ಪು ತಿಳಕೊಂಡಿದ್ದೆ ಜಯಾ. ನನ್ನ ಕೆಂಪು ಬೈಂಡಿನ ಪುಸ್ತಕ ಇವರ ಕಡೀ ಅದ ಅಂತ ಗೊತ್ತಾತು. ಇಟ್ಕೊಳ್ರಿ ದೌಲಪ್ಪನವರ, ಅವಸರ ಇಲ್ಲ. ಅದು ಮತ್ತ ಮತ್ತ ಓದೋ ಪುಸ್ತಕ."

ಅವತ್ತು ಯಶವಂತ ಚಹಾ ಪೂರ್ತಿ ಕುಡಿದ. ಕಪ್ಪು ಒಳಗೆ ಒಯ್ಯುವಾಗ ಜಯದೇವಿ ತಳ ನೋಡಿದಳು, ಒಂದು ಹನಿ ಉಳಿದಿರಲಿಲ್ಲ. ಆಕೆಯ ಕಣ್ಣು ತುಂಬಿ ಬಂತು.

ಅಮೀನಾ ಮೇಡಂ ಸುಮ್ಮನಿರುವ ಪೈಕಿಯಲ್ಲ. ಅವರೂ ಶಿವಲಿಂಗ ಸಾಹೇಬರೂ ಸೇರಿ ಒಂದು ಕಾರ್ಯಕ್ರಮ ಹೂಡಿದರು. ಹೆಸರು, 'ಓಡುವ ಬಸ್ಸಿನಲ್ಲಿ ಓದು'. ಎರಡನೇ ಶನಿವಾರ ಸ್ಟೇಶನ್ ಬಜಾರದಿಂದ ಒಂದು ಬಸ್ಸು ಹೊರಡುವುದು. ಕಮಲಾಪುರ ಮುಟ್ಟುವ ತನಕ ದೌಲಪ್ಪನವರು ತಮ್ಮ ಮೆಚ್ಚಿನ ಪುಸ್ತಕವನ್ನು ಗಟ್ಟಿಯಾಗಿ ಓದುವುದು. ಅಲ್ಲಿ ಇಳಿದ ಮೇಲೆ ಸನ್ಮಾನ, ಪ್ರಯಾಣದಲ್ಲಿ ಓದಬೇಕಾದ ಪುಸ್ತಕಗಳ ಬಗ್ಗೆ ನಾಲ್ಕು ಮಾತು.

ದೌಲಪ್ಪನಿಗೆ ಕೂತಲ್ಲೇ ಹೊಟ್ಟೆ ತೊಳಸಿತು. ಓಡುವ ಬಸ್ಸಿನಲ್ಲಿ ಹೊಲ ನೋಡುವುದನ್ನು ಬಿಟ್ಟು ತೊಡೆಯ ಕಡೆ ಕಣ್ಣು ಇಳಿಸಿದರೆ ಏನಾಗುತ್ತದೆ ಎಂದು ಅವನಿಗೂ ಅವನ ದೇವರಿಗೂ ಗೊತ್ತು. ಟಿಕೆಟಿನ ಮೇಲಿನ ಅಕ್ಷರ ನೋಡಿದರೇ ಬಾಯಿಗೆ ಹುಳಿನೀರು ಬರುತ್ತದೆ.

"ಸಾಹೇಬ್ರ, ಬಸ್ ನಿಂತಾಗ ಓದಿದ್ರ ಆಗೂದಿಲ್ಲೇನ್ರಿ?" ಎಂದು ಕೇಳಿ ನೋಡಿದ.

"ನಿಂತಲ್ಲೆ ಓದಾಕ ಲೈಬ್ರರಿ ಅದಾವಲ್ಲ ದೌಲಪ್ಪನವರ. ಬಸ್ ಯಾಕ ಬೇಕು?" ಎಂದರು ಶಿವಲಿಂಗ ಸಾಹೇಬರು.

ಆತ ಮನೆಗೆ ಬಂದು ಕಟ್ಟೆಯ ಮೇಲೆ ಕೂತ, ಎದ್ದ, ಒಳಗೆ ಹೋದ, ಹೊರಗೆ ಬಂದ. ಬಾಗಿಲಿಗೂ ಕಟ್ಟೆಗೂ ತಿರುಗಾಡುವುದನ್ನು ನೋಡಿ ಜಯದೇವಿ ಕೈ ತೊಳೆದುಕೊಂಡು ಬಂದಳು. ಹೆಂಡತಿಯ ಮುಂದೆ ಬಾಯಿ ಬಿಡದೆ ಗತಿಯಿರಲಿಲ್ಲ. ಬಿಟ್ಟ.

ಆಕೆಗೆ ಆಶ್ಚರ್ಯವೇನೂ ಆಗಲಿಲ್ಲ. "ನೀವು ಓದಿಲ್ಲ ಅಂತ ನನಗ ಮೊದಲ ಗೊತ್ತದ. ನಾ ಕಡೀ ಪುಟದಾಗ ಇಟ್ಟ ಹೂವಿನ ದಾರ ಇದ್ದಲ್ಲೇ ಅದ. ಪುಸ್ತಕ ತೆರೆದಿದ್ರ ಮೊದಲ ಅದ ಉದುರತಿತ್ತು."

"ಮತ್ತ ಯಾಕ ಸುಮ್ನಿದ್ದಿ?"

"ಇಷ್ಟು ವರ್ಷದಾಗ ನಮ್ಮಣ್ಣ ಈ ಮನ್ಯಾಗ ಚಹಾ ಪೂರ್ತಿ ಕುಡದದ್ದು ಅವತ್ತ ಮೊದಲು. ಅದನ್ನ ಕೆಡಸಬ್ಯಾಡ್ರಿ. ಮೊದಲಿನ ಪುಟ ಬಾಯಿಪಾಠ ಮಾಡ್ರಿ, ನಾ ಹೇಳಿ ಕೊಡ್ತೀನಿ. ಪುಸ್ತಕ ತೆರೆದಿಟ್ಟು ಹೊಲಾ ನೋಡಕೋತ ಹೇಳಿಬಿಡ್ರಿ. ಯಾರಿಗೆ ಗೊತ್ತಾಗ್ತದ?"

ಆ ವಾರವೆಲ್ಲ ದೌಲಪ್ಪನ ಬಾಯಲ್ಲಿ ಅದೇ. ಹಲ್ಲುಜ್ಜುವಾಗ ಕಾದಂಬರಿಯ ಹಳ್ಳಿ, ಸ್ನಾನ ಮಾಡುವಾಗ ಹಳ್ಳಿಯ ಪಕ್ಕದ ಹೊಳೆ, ಊಟ ಮಾಡುವಾಗ ಹೊಳೆಯ ದಂಡೆಯಲ್ಲಿ ಗುಡಿಸಲು ಹಾಕಿಕೊಂಡ ನಾಗವ್ವ ಎಂಬ ಮುದುಕಿ. ತಪ್ಪಿದಲ್ಲಿ ಜಯದೇವಿ ಲಟ್ಟಣಿಗೆ ತೋರಿಸುತ್ತಿದ್ದಳು. ಆಕೆಯ ಮುಖದಲ್ಲಿ ಎಂದೂ ಇಲ್ಲದ ಕಳೆ ಬಂದಿತ್ತು.

ಶನಿವಾರ ಬಂತು. ಚೆಂಡುಹೂ ಕಟ್ಟಿದ ಬಸ್ಸು ಸ್ಟೇಶನ್ ಬಜಾರದಲ್ಲಿ ನಿಂತಿತ್ತು. ಮುಂದಿನ ಸೀಟಿನಲ್ಲಿ ಶಿವಲಿಂಗ ಸಾಹೇಬರು, ಅಮೀನಾ ಮೇಡಂ ಮತ್ತು ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟ ಯಶವಂತ. ಹಿಂದೆ ಜಯದೇವಿ, ಕಾಲೇಜಿನ ಮಕ್ಕಳು, ದಿನದ ಬಸ್ಸಿನ ಮಂದಿ. ಚಾಂದಬಿ ಇದೂ ಫ್ರೀ ಬಸ್ಸು ಎಂದು ಬಳೆಯ ಗಂಟಿನೊಂದಿಗೇ ಹತ್ತಿದ್ದಳು. ಝಹೀರ್ ಸೀಟಿ ಊದಿದ. ದೌಲಪ್ಪ ಬೆಳಗಿನಿಂದ ಏನೂ ತಿಂದಿರಲಿಲ್ಲ. ಒಂದು ಜೇಬಿನಲ್ಲಿ ನಿಂಬೆಹಣ್ಣು, ಇನ್ನೊಂದರಲ್ಲಿ ಹಸಿ ಶುಂಠಿ.

ಊರು ದಾಟಿದ ಮೇಲೆ ಪುಸ್ತಕ ತೆರೆದು ತೊಡೆಯ ಮೇಲಿಟ್ಟುಕೊಂಡ. ಕಣ್ಣನ್ನು ಹೊಲಕ್ಕೆ ನೆಟ್ಟು ಶುರುಮಾಡಿದ. ಹಳ್ಳಿ ಬಂತು, ಹೊಳೆ ಬಂತು, ನಾಗವ್ವ ಬಂದಳು. ದನಿ ಎಲ್ಲಿಯೂ ತಡೆಯಲಿಲ್ಲ.

"ಪುಸ್ತಕ ನೋಡವಲ್ರು ನೋಡ್ರಿ," ಎಂದು ಝಹೀರ್ ಪಿಸುಗುಟ್ಟಿದ.

"ಅದೆಲ್ಲ ಒಳಗ ಇಳದದ," ಎಂದರು ಅಮೀನಾ ಮೇಡಂ.

ದೌಲಪ್ಪ ಬಾಯಿಪಾಠದ ಕೊನೆಯ ಸಾಲು ಹೇಳಿ ಪುಸ್ತಕ ಮುಚ್ಚಿದ. ಚಪ್ಪಾಳೆ ಬಿತ್ತು. ಬದುಕಿದೆ ಎಂದು ಆತ ಉಸಿರು ಬಿಡುವಾಗ ಯಶವಂತ ಎದ್ದು ನಿಂತ.

"ಇದು ಬರೇ ಪೀಠಿಕೆ ಆತು. ಈ ಪುಸ್ತಕದ ಜೀವ ಇರೋದು ದೋಣಿ ಭಾಗದಾಗ. ನಾಗವ್ವ ಹೊಳಿ ದಾಟೋದು. ಅದನ್ನ ದೌಲಪ್ಪನವರ ಬಾಯಾಗ ಕೇಳಬೇಕು." ತಾನೇ ಬಂದು, ತನ್ನದೇ ಪುಸ್ತಕವಾದ್ದರಿಂದ ಸರಿಯಾದ ಪುಟ ತೆಗೆದು, ಅವನ ಮೂಗಿನ ಮುಂದೆ ಹಿಡಿದ.

ದೌಲಪ್ಪ ಹೊಲ ನೋಡಿದ. ಹೊಲದಲ್ಲಿ ಆ ಪುಟ ಇರಲಿಲ್ಲ. ಹಿಂದೆ ತಿರುಗಿ ಹೆಂಡತಿಯನ್ನು ನೋಡಿದ. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಗತ್ಯಂತರವಿಲ್ಲದೆ ಕಣ್ಣು ಕೆಳಗಿಳಿಸಿ ಓದತೊಡಗಿದ.

"ದೋಣಿ ಎಡಕ್ಕೆ ವಾಲಿತು. ನಾಗವ್ವ ಬಾಣಂತಿ ಖಾರದ ಗಂಟನ್ನು ಎದೆಗವಚಿಕೊಂಡಳು. ಆಚೆ ದಡದ ಊರಿನಲ್ಲಿ ಮಗಳು ಹೆರಿಗೆ ಬೇನೆ ತಿನ್ನುತ್ತಿದ್ದಳು. ದೋಣಿ ಬಲಕ್ಕೆ ವಾಲಿತು."

ಡ್ರೈವರು ರಸ್ತೆಯ ಗುಂಡಿ ತಪ್ಪಿಸಲು ಬಸ್ಸನ್ನು ಎಡಕ್ಕೆ ಎಳೆದ, ಬಲಕ್ಕೆ ಎಳೆದ. ದೌಲಪ್ಪನ ಹಣೆ ಬೆವರಿತು.

"ಅಂಬಿಗನು ಹುಟ್ಟು ಕೈಬಿಟ್ಟನು. ಹೊಳೆಯು ದೋಣಿಯನ್ನು ಎತ್ತಿತು, ಇಳಿಸಿತು, ಮತ್ತೆ ಎತ್ತಿತು. ನಾಗವ್ವ, ಮಗಳೇ, ಒಂದು ಗಳಿಗೆ ತಡೆ, ನಾನು ಬಂದೆ ಎಂದು ಕೂಗಿದಳು."

ದೌಲಪ್ಪನ ಕಣ್ಣಲ್ಲಿ ನೀರು ಬಂತು. ತುಟಿ ನಡುಗಿತು, ಮುಖ ಬಿಳಿಚಿಕೊಂಡಿತು, ದನಿ ಗಂಟಲಲ್ಲಿ ಸಿಕ್ಕಿಕೊಂಡಿತು. ಆದರೂ ಒಂದು ವಿಚಿತ್ರ ನಡೆದಿತ್ತು. ಹೊಟ್ಟೆ ನಿಲ್ಲಿಸು ಎನ್ನುತ್ತಿದ್ದರೆ ಕಣ್ಣು ಮುಂದಿನ ಸಾಲಿಗೆ ತಾನಾಗಿ ಹೋಗುತ್ತಿತ್ತು. ಬಸ್ಸಿನಲ್ಲಿ ಯಾರೂ ಕೆಮ್ಮುತ್ತಿರಲಿಲ್ಲ. ಶಿವಲಿಂಗ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು.

"ಆಗ ದೋಣಿ..." ಎಂದ ದೌಲಪ್ಪ. ಅಲ್ಲಿಗೆ ಮುಗಿಯಿತು. ಒಂದು ಕೈ ಬಾಯಿಗೆ ಒತ್ತಿಕೊಂಡು, ಇನ್ನೊಂದು ಕೈಯಿಂದ ಬಸ್ಸು ನಿಲ್ಲಿಸಲು ಸನ್ನೆ ಮಾಡಿದ. ಪುಸ್ತಕವನ್ನು ಸೀಟಿನ ಮೇಲೆ ಬಿಟ್ಟು ಕೆಳಗಿಳಿದವನೇ ಜಾಲಿ ಗಿಡಗಳ ಹಿಂದೆ ಮರೆಯಾದ.

ಬಸ್ಸಿನಲ್ಲಿ ಯಶವಂತ ಮೂಗು ಒರೆಸಿಕೊಂಡು ಹೇಳಿದ. "ನಾ ಮೂರು ಸರ್ತಿ ಓದೀನಿ, ಒಂದು ಸರ್ತೀನೂ ಹಿಂಗ ಅತ್ತಿಲ್ಲ. ನಾವು ಓದೋದು ಕಣ್ಣಾಗ. ಈ ಮನಷ್ಯಾ ಜೀವದಾಗ ಓದತಾನ."

ಜಾಲಿ ಗಿಡದ ಹಿಂದೆ ಜಯದೇವಿ ನೀರಿನ ಬಾಟಲಿ ಹಿಡಿದು ನಿಂತಿದ್ದಳು. ದೌಲಪ್ಪ ಬಾಯಿ ಮುಕ್ಕಳಿಸಿ, ಕಲ್ಲಿನ ಮೇಲೆ ಕೂತು, ತಲೆ ಎತ್ತಿದ. ನನ್ನ ಮರ್ಯಾದೆ ಹೋಯಿತೆ ಎಂದು ಕೇಳುತ್ತಾನೆಂದು ಆಕೆ ಕಾದಳು.

"ಆಕಿ ದಾಟಿದಳೇನ?" ಎಂದು ಕೇಳಿದ.

"ಯಾರು?"

"ನಾಗವ್ವ. ದೋಣಿ ಏನಾತು? ಮಗಳು ಬದುಕಿದಳೋ ಇಲ್ಲೋ?"

ಜಯದೇವಿ ಗಂಡನ ಮುಖ ನೋಡಿದಳು. ನಗು ಬಂತು, ಅದನ್ನು ತಡೆದುಕೊಂಡಳು. "ಓದ್ರಿ, ಗೊತ್ತಾಗ್ತದ."

"ಬಸ್ಸಿನ್ಯಾಗ ಹೆಂಗ ಓದಲಿ? ಒಂದ ಮಾತು ಹೇಳು ಸಾಕು."

"ನಾ ಹೇಳಿದ್ರ ನಾಳಿಂದ ಅದನ್ನ ಮತ್ತ ಸೀಟಿಗೆ ಒಗೀತೀರಿ. ನಾ ಹೇಳಂಗಿಲ್ಲ."

ಮರಳಿ ಬಸ್ಸು ಹತ್ತಿದಾಗ ಎಲ್ಲರೂ ಎದ್ದು ನಿಂತರು. ಕಿಟಕಿ ಸೀಟಿನಲ್ಲಿ ಪುಸ್ತಕ ಅವನ ಜಾಗವನ್ನು ಕಾಯುತ್ತಿತ್ತು. ಚಾಂದಬಿ ದಾರಿಯಲ್ಲಿ ಅವನ ಅಂಗೈಗೆ ಒಂದು ಹುಣಸೆ ಉಂಡೆ ಒತ್ತಿ, ಅವನಿಗಷ್ಟೇ ಕೇಳುವಂತೆ, "ನನ್ನ ಮಗಳಿಗೂ ಹಿಂಗೇ ಆಗ್ತದ ಸಾಬ್. ಬಾಯಾಗ ಇಟ್ಕೋರಿ. ನಾ ಯಾರಿಗೂ ಹೇಳಂಗಿಲ್ಲ," ಎಂದಳು. ದೌಲಪ್ಪನ ಗಂಟಲು ಈ ಸಲ ನಿಜವಾಗಿ ಕಟ್ಟಿತು.

ಕಮಲಾಪುರದಲ್ಲಿ ಸನ್ಮಾನವಾಯಿತು. ಶಿವಲಿಂಗ ಸಾಹೇಬರು ತಮ್ಮ ಕೈಯಾರೆ ಶಾಲು ಹೊದಿಸಿದರು, ಹಳೆಯ ಶಾಲಿನ ನೆನಪು ಇಬ್ಬರಿಗೂ ಬಂತು, ಇಬ್ಬರೂ ಬಾರದವರಂತೆ ನಿಂತರು. ಕೆಂಪು ಬಾಳೆಯ ಇಡೀ ಗೊನೆ ಕೊಟ್ಟರು. ಇನ್ನು ಮುಂದೆ ಕಚೇರಿಯ ಜೀಪು ಎಲ್ಲಿಗೆ ಹೋದರೂ ದೌಲಪ್ಪನವರು ಪುಸ್ತಕದ ಸಮೇತ ಬರತಕ್ಕದ್ದು ಎಂದು ಸಾಹೇಬರು ಮೈಕಿನಲ್ಲಿ ಘೋಷಿಸಿದರು. ದೌಲಪ್ಪನಿಗೆ ಇದಾವುದೂ ಕಿವಿಗೆ ಬೀಳಲಿಲ್ಲ. ಅವನ ಕಣ್ಣು ಯಶವಂತನ ಬಗಲಲ್ಲಿದ್ದ ಕೆಂಪು ಬೈಂಡಿನ ಮೇಲಿತ್ತು. ನೀವು ಓದಿದ್ದು ಕೇಳಿ ನನಗೂ ಮತ್ತೊಮ್ಮೆ ಓದಬೇಕು ಅನಿಸ್ಯಾದ ಎಂದು ಆತ ಪುಸ್ತಕ ತೆಗೆದುಕೊಂಡುಬಿಟ್ಟಿದ್ದ.

ಪ್ರಯಾಣದಲ್ಲಿ ಏನು ಓದಬೇಕೆಂದು ಹೇಳಲು ಮೈಕು ಕೊಟ್ಟಾಗ ದೌಲಪ್ಪ ಎದ್ದು, "ಬಸ್ ಹೊಂಟ ಮ್ಯಾಲ ಓದಬ್ಯಾಡ್ರಿ. ಹೊಂಡೂ ಮೊದಲ ಓದಿ ಮುಗಿಸ್ರಿ," ಎಂದು ಕೂತ. ಅಷ್ಟು ದಿನಗಳಲ್ಲಿ ಓದಿನ ಬಗ್ಗೆ ಆತ ಕೊಟ್ಟ ಮೊದಲ ಸಾಚಾ ಸಲಹೆ ಅದು. ಜನ ಎಲ್ಲಕ್ಕಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಅಮೀನಾ ಮೇಡಂ ಅದನ್ನೂ ಬರೆದುಕೊಂಡರು.

ಭಾನುವಾರ ದೌಲಪ್ಪ ಒಂದೆಡೆ ಕೂರಲಿಲ್ಲ. ಬಾಳೆಗೊನೆಯ ಸುತ್ತ ತಿರುಗಿದ, ಹೆಂಡತಿಯ ಹಿಂದೆ ಅಡಿಗೆಮನೆಗೆ ಹೋದ. "ಮಗಳದ್ದು ಬ್ಯಾಡ, ದೋಣಿದಷ್ಟ ಹೇಳು," ಎಂದ. ಆಕೆ ಒಗ್ಗರಣೆ ಸದ್ದು ಜೋರು ಮಾಡಿದಳು. ಕೊನೆಗೆ ಚಪ್ಪಲಿ ಮೆಟ್ಟಿ ಐವಾನ್-ಎ-ಶಾಹಿಗೇ ನಡೆದ. ಯಶವಂತ ಜಗಲಿಯ ಮೇಲೆ ಆರಾಮಕುರ್ಚಿಯಲ್ಲಿ ಅದೇ ಪುಸ್ತಕ ಹಿಡಿದು ಕೂತಿದ್ದ. ಪೂರ್ತಿ ಓದಿದವನೆಂದು ಹೆಸರಾದ ಮೇಲೆ ಮುಂದೇನಾಯಿತು ಎಂದು ಕೇಳುವಂತಿಲ್ಲ. ದೌಲಪ್ಪ ಅವನ ಹೆಗಲ ಮೇಲಿಂದ ಬಗ್ಗಿ ನೋಡಿದ. ಯಶವಂತ ಪುಟ ತಿರುವಿದ.

"ಪುಸ್ತಕ ಬೇಕಾಗಿತ್ರಿ ಅಣ್ಣಾರ," ಎಂದ ಕೊನೆಗೆ. ಜನ್ಮದಲ್ಲಿ ಆತ ಬಾಯಿಬಿಟ್ಟು ಕೇಳಿದ ಮೊದಲ ಪುಸ್ತಕ.

"ಇವತ್ತ ಮುಗಸ್ತೀನಿ. ನಾಳೆ ಮುಂಜಾನೆ ಬಸ್ ಸ್ಟ್ಯಾಂಡಿಗೇ ತಂದು ಕೊಡ್ತೀನಿ. ಅದಿಲ್ಲದ ನಿಮಗ ಪ್ರಯಾಣ ಸಾಗೂದಿಲ್ಲ ಅಂತ ನನಗ ಗೊತ್ತದ," ಎಂದ ಯಶವಂತ.

ಸೋಮವಾರ ಮಾತು ಉಳಿಸಿಕೊಂಡು ಸ್ಕೂಟರಿನಲ್ಲಿ ಬಂದು ಪುಸ್ತಕ ಕೊಟ್ಟು ಹೋದ. ಬಸ್ಸು ಇನ್ನೂ ಬಂದಿರಲಿಲ್ಲ. ದೌಲಪ್ಪ ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಕೂತು ದೋಣಿಯ ಪುಟ ತೆಗೆದ. ಬೆಂಚು ಅಲುಗುತ್ತಿರಲಿಲ್ಲ. ಹೊಟ್ಟೆ ತೆಪ್ಪಗಿತ್ತು. ಅಕ್ಷರಗಳು ಇದ್ದಲ್ಲೇ ನಿಂತಿದ್ದವು.

ಬಸ್ಸು ತಿರುಗಿಕೊಂಡು ಬಂತು. ಜನ ಓಡಿದರು, ಟವೆಲ್ಲುಗಳು ಹಾರಿದವು, ಅಮೀನಾ ಮೇಡಂ ಕೂಡ ಮುಂದಿನ ಬಾಗಿಲಲ್ಲಿ ಹತ್ತಿದರು. ಚಾಂದಬಿ ಎಲ್ಲರಿಗಿಂತ ಮೊದಲು ಒಳಗೆ ನುಗ್ಗಿ, ಆ ಕಿಟಕಿ ಸೀಟಿನಲ್ಲಿ ತನ್ನ ಬಳೆಯ ಗಂಟು ಇಟ್ಟು, ಹೊರಗೆ ಕೈ ಚಾಚಿ ಕೂಗಿದಳು.

"ಸಾಬ್, ನಿಮ್ಮ ಸೀಟು ಹಿಡದೀನಿ. ಲಗೂನ ಬರ್ರಿ, ಇಲ್ಲಂದ್ರ ಪುಸ್ತಕ ಆದ್ರೂ ಇತ್ತಾಗ ಒಗೀರಿ."

ದೌಲಪ್ಪ ಪುಸ್ತಕವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ. ಝಹೀರ್ ಸೀಟಿ ಊದಿದ. ಬಸ್ಸು ಕದಲಿತು. ಇದು ತಪ್ಪಿದರೆ ಕಚೇರಿಗೆ ತಡ, ತಡವಾದರೆ ಸಾಹೇಬರು ಕೇಳುತ್ತಾರೆ, ಮುಂದಿನ ಬಸ್ಸಿನಲ್ಲಿ ಕಿಟಕಿ ಸಿಗುವುದಿಲ್ಲ, ಕಿಟಕಿ ಸಿಗದಿದ್ದರೆ ಹಳೆಯ ಹೆಸರು ಮಹಾಗಾಂವ ಕ್ರಾಸಿನಲ್ಲೇ ಕಾಯುತ್ತಿರುತ್ತದೆ. ಇದೆಲ್ಲ ಅವನಿಗೆ ಗೊತ್ತಿತ್ತು. ತಲೆ ಎತ್ತದೆ ಒಂದು ಕೈ ಮೇಲೆ ಮಾಡಿದ.

"ನೀವು ಮುಂದ ಹೋಗ್ರಿ ಖಾಲಾ," ಎಂದ. "ಆಕಿ ಇನ್ನಾ ನಡುಹೊಳ್ಯಾಗ ಇದ್ದಾಳ."